ನದಿಯಿಲ್ಲದ ಕಡಲು

ಮೂವತ್ತೊಂದು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವನು ನಾನು. ಬ್ಯುರೆಟ್ಟಿನ ಕಿವಿ ತಿರುವಿ ಒಂದೊಂದೇ ಹನಿ ಬೀಳಿಸುತ್ತ, ಬಣ್ಣ ತಿರುಗಿದ ಹನಿಗೆ ಸರಿಯಾಗಿ ಕೈ ನಿಲ್ಲಿಸುವುದನ್ನು ಎಷ್ಟು ಮಕ್ಕಳಿಗೆ ಹೇಳಿಕೊಟ್ಟೆನೋ ಲೆಕ್ಕವಿಲ್ಲ. ನೀರಿನ ಗಡಸುತನ ಅಳೆಯುವ ಪ್ರಯೋಗದಲ್ಲಿ ಬಣ್ಣ 'ವೈನ್ ಕೆಂಪಿನಿಂದ ನೀಲಿಗೆ' ತಿರುಗಬೇಕು ಎಂದು ಪ್ರಯೋಗದ ಪುಸ್ತಕದಲ್ಲಿ ಬರೆದಿರುತ್ತದೆ. ವೈನ್ ಕಂಡೇ ಇರದ ನಮ್ಮ ಕುಮಟೆಯ ಮಕ್ಕಳಿಗೆ ನಾನು ಕೋಕಂ ಶರಬತ್ತಿನ ಕೆಂಪು ಎಂದು ಹೇಳುತ್ತಿದ್ದೆ. ನಿವೃತ್ತಿಯ ಜೊತೆಗೆ ಆ ಕೆಂಪು, ಆ ನೀಲಿ ಎರಡೂ ಮುಗಿದವು ಎಂದುಕೊಂಡಿದ್ದೆ. ಮುಗಿದಿರಲಿಲ್ಲ. ಕಳೆದ ಸಲ ಆರು ತಿಂಗಳು ಮೆಲ್ಬರ್ನಿನಲ್ಲಿ ಮಗಳ ಮನೆಯಲ್ಲಿದ್ದಾಗ, ದಿನಾ ರಾತ್ರಿ ಊಟಕ್ಕೆ ಮುಂಚೆ, ಸಿರಿಂಜ್ ಹಿಡಿದು ಹನಿ ಎಣಿಸುವ ಕೆಲಸ ಮತ್ತೆ ನನ್ನ ಪಾಲಿಗೆ ಬಂತು.

ಅವಳ ಮನೆಯ ಪಡಸಾಲೆಯಲ್ಲಿ ಒಂದು ಗಾಜಿನ ತೊಟ್ಟಿ ಇದೆ. ಕಲ್ಲು, ಮರಳು ಎಲ್ಲ ಕಳೆದು ನೀರೇ ಮುನ್ನೂರು ಲೀಟರ್. ಅದರಲ್ಲಿ ಆರು ಮೀನು. ಆದರೆ ಮೀನು ಅಲ್ಲಿ ನೆಪಕ್ಕೆ ಮಾತ್ರ, ತೊಟ್ಟಿ ಇರುವುದು ಹವಳಕ್ಕೆ. ಜಿಂಕೆಯ ಕೊಂಬಿನ ಹಾಗೆ ಕವಲೊಡೆದದ್ದು, ಎಲೆಕೋಸಿನ ಹಾಗೆ ಬಿಚ್ಚಿಕೊಂಡದ್ದು, ಮಿದುಳಿನ ಹಾಗೆ ಸುರುಳಿ ಸುತ್ತಿದ್ದು. ದಾಸವಾಳದ ಗೆಲ್ಲು ಮುರಿದು ನೆಟ್ಟ ಹಾಗೆ ಹವಳದ ತುಂಡನ್ನೂ ಕಲ್ಲಿಗೆ ಅಂಟಿಸಿ ಬೆಳೆಸಬಹುದು. ಅಂಥ ತುಂಡುಗಳನ್ನು ಪರವಾನಗಿ ಇರುವ ಅಂಗಡಿಗಳಲ್ಲಿ ಮಾರುತ್ತಾರೆ. ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಇದನ್ನು ಕೇಳಿ ಯಾರೂ ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಿ ಹವಳ ಮುರಿದು ತರುವ ಯೋಚನೆ ಮಾಡಬೇಡಿ. ದಿಬ್ಬ ಕಟ್ಟುವ ಹವಳಗಳು ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲೇ ಸೇರಿವೆ. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ.

ಮೊದಲ ದಿನ ತೊಟ್ಟಿಯ ಮುಂದೆ ಕುಳಿತಾಗ ನನಗೆ ನೆನಪಾದದ್ದು ಅಘನಾಶಿನಿ. ನಮ್ಮ ಹಳ್ಳಿ ಇರುವುದು ಆ ನದಿ ಕಡಲು ಸೇರುವ ಅಳಿವೆಯ ಪಕ್ಕದಲ್ಲಿ. ಇಳಿತದ ಹೊತ್ತಿಗೆ ಹೆಂಗಸರು ಮೊಣಕಾಲು ನೀರಿನಲ್ಲಿ ಬಗ್ಗಿ ನಿಂತು ಬಳಚು ಹೆಕ್ಕುತ್ತಾರೆ. ಬೇರೆ ಕಡೆ ಅದನ್ನೇ ಕಪ್ಪೆಚಿಪ್ಪು ಅನ್ನುತ್ತಾರೆ. ಒಳಗಿನ ಮಾಂಸ ಅಡುಗೆಗೆ ಹೋಗುತ್ತದೆ, ಚಿಪ್ಪು ಸುಣ್ಣದ ಭಟ್ಟಿಗೆ. ಚಿಕ್ಕವನಿದ್ದಾಗ ಭಟ್ಟಿಯ ಹತ್ತಿರ ನಿಂತು ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಇದ್ದಿಲಿನ ಜೊತೆ ಚಿಪ್ಪನ್ನು ಪದರ ಪದರವಾಗಿ ಒಟ್ಟಿ ಸುಡುತ್ತಿದ್ದರು. ಸುಟ್ಟ ಚಿಪ್ಪಿನ ಮೇಲೆ ನೀರು ಚಿಮುಕಿಸಿದರೆ ಅದು ಬುಸುಗುಟ್ಟಿ, ಬಿರಿದು, ಮಲ್ಲಿಗೆಯಂಥ ಬಿಳಿ ಪುಡಿಯಾಗಿ ಅರಳುತ್ತಿತ್ತು. ಗೋಡೆಗೂ ಅದೇ ಸುಣ್ಣ, ಅಜ್ಜಿಯ ಕವಳದ ಚೀಲದ ಡಬ್ಬಿಗೂ ಅದೇ ಸುಣ್ಣ.

ಹವಳವೂ ಒಂದು ಸುಣ್ಣದ ಕೆಲಸಗಾರನೇ. ಬಳಚು ಚಿಪ್ಪು ಕಟ್ಟುವ ಹಾಗೆ ಅದು ತನ್ನ ಕಾಲಡಿಗೆ ಕಲ್ಲು ಕಟ್ಟುತ್ತದೆ. ಅದಕ್ಕೆ ಬೇಕಾದ ಸಾಮಾನು ಎರಡೇ, ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್. ಎರಡೂ ನೀರಿನಲ್ಲಿ ಕರಗಿಯೇ ಬರಬೇಕು. ಕಡಲಿಗೆ ಇವನ್ನು ತಂದುಕೊಡುವವರು ಯಾರು? ನದಿಗಳು. ಮಳೆಯ ನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ, ಆ ಹುಳಿ ಕಲ್ಲನ್ನು ಕರಗಿಸುತ್ತದೆ, ಕರಗಿದ್ದನ್ನು ನದಿ ಹೊತ್ತು ತರುತ್ತದೆ. ಎಲ್ಲೂ ಅಣೆಕಟ್ಟು ಇಲ್ಲದ ಅಘನಾಶಿನಿ ಶಿರಸಿಯ ಕಡೆಯಿಂದ ಹೊರಟು ನಮ್ಮೂರ ತನಕ ಮಾಡುವ ಕೆಲಸದಲ್ಲಿ ಇದೂ ಒಂದು. ಆದರೆ ಮಗಳ ಮನೆಯ ಮುನ್ನೂರು ಲೀಟರ್ ಕಡಲಿಗೆ ಯಾವ ನದಿಯೂ ಬಂದು ಸೇರುವುದಿಲ್ಲ. ಅಲ್ಲಿ ನದಿಯ ಕೆಲಸ ಮನೆಯವರೇ ಮಾಡಬೇಕು.

ಹಾಗಾದರೆ ಕಡಲನ್ನು ಮೊದಲು ತಯಾರಿಸುವುದು ಹೇಗೆ? ನೀರಿಗೆ ಉಪ್ಪು ಹಾಕಿದರೆ ಆಯಿತಲ್ಲ ಎಂದು ನನ್ನ ಹೆಂಡತಿಯೇ ಕೇಳಿದಳು. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಆಗರ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಡಲ ನೀರು ಪಾತಿಯಲ್ಲಿ ನಿಂತು ಬಿಸಿಲಿಗೆ ಒಣಗುವಾಗ ಎಲ್ಲವೂ ಒಟ್ಟಿಗೆ ಗಟ್ಟಿಯಾಗುವುದಿಲ್ಲ. ಮೊದಲು ಕ್ಯಾಲ್ಸಿಯಂ ಕಾರ್ಬೊನೇಟ್ ತಳಕ್ಕೆ ಕೂರುತ್ತದೆ, ಆಮೇಲೆ ಜಿಪ್ಸಂ, ಅದರ ನಂತರ ನಾವು ತಿನ್ನುವ ಉಪ್ಪು. ಮೆಗ್ನೀಸಿಯಂ ಕೊನೆಯ ತನಕ ಕಹಿ ನೀರಿನಲ್ಲೇ ಉಳಿದು ಹೊರಗೆ ಹೋಗುತ್ತದೆ. ಅಂದರೆ ಸಾಣಿಕಟ್ಟೆಯ ಉಪ್ಪು ಕಡಲಿನಿಂದಲೇ ಬಂದಿದ್ದರೂ ಅದನ್ನು ನೀರಿಗೆ ಹಾಕಿದರೆ ಕಡಲು ವಾಪಸು ಬರುವುದಿಲ್ಲ. ಉಪ್ಪಿನಕಾಯಿಗೆ ಅದು ಚೆನ್ನ, ಹವಳಕ್ಕೆ ಉಪಯೋಗವಿಲ್ಲ. ಅದಕ್ಕೇ ಎಲ್ಲ ಲವಣಗಳನ್ನೂ ಕಡಲಿನ ಪ್ರಮಾಣದಲ್ಲೇ ಬೆರೆಸಿದ ಪುಡಿ ಸಿಗುತ್ತದೆ. ಲೀಟರಿಗೆ ಮೂವತ್ತೈದರಿಂದ ನಲವತ್ತು ಗ್ರಾಂ ಹಾಕಿ ಕಲಕಬೇಕು. ನೀರೂ ಬರೀ ನೀರೇ ಆಗಿರಬೇಕು. ಮೆಲ್ಬರ್ನಿನ ನಲ್ಲಿ ನೀರು ತುಂಬ ಮೃದು, ಅಲ್ಲಿ ಬೇಳೆ ಬೇಗ ಬೇಯುತ್ತದೆ ಎಂದು ನನ್ನ ಹೆಂಡತಿ ಖುಷಿಪಟ್ಟಳು. ಆದರೂ ಅದರಲ್ಲಿ ಕ್ಲೋರಿನ್ ಇರುತ್ತದಲ್ಲ, ಆರ್‌ಒ ಯಂತ್ರದಲ್ಲಿ ಸೋಸಿ, ರೆಸಿನ್ ಕೊಳವೆ ದಾಟಿಸಿ, ಟಿಡಿಎಸ್ ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಬಳಸುತ್ತಾರೆ.

ಈ ಪ್ರಮಾಣ ಎಲ್ಲಿಂದ ಬಂತು ಎಂಬುದಕ್ಕೆ ಒಂದು ಒಳ್ಳೆಯ ಕಥೆ ಇದೆ. 1872ರಿಂದ 1876ರ ತನಕ ಚಾಲೆಂಜರ್ ಎಂಬ ಬ್ರಿಟಿಷ್ ಹಡಗು ಲೋಕದ ಕಡಲುಗಳನ್ನೆಲ್ಲ ಸುತ್ತಿ ನೀರಿನ ಮಾದರಿ ತಂದಿತು. ವಿಲಿಯಂ ಡಿಟ್ಮಾರ್ ಎಂಬ ರಸಾಯನಶಾಸ್ತ್ರಜ್ಞ ಅದರಲ್ಲಿ 77 ಮಾದರಿಗಳನ್ನು ಕೂತು ವಿಶ್ಲೇಷಿಸಿ 1884ರಲ್ಲಿ ಫಲಿತಾಂಶ ಪ್ರಕಟಿಸಿದ. ಯಾವ ಕಡಲಿನದಾದರೂ ಸರಿ, ಉಪ್ಪು ಒಟ್ಟಿನಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರಬಹುದು, ಆದರೆ ಮುಖ್ಯ ಲವಣಗಳು ಒಂದಕ್ಕೊಂದು ಇರುವ ಅನುಪಾತ ಬಹುಮಟ್ಟಿಗೆ ಒಂದೇ ಎಂದು ಅವನ ಅಂಕಿಗಳು ತೋರಿಸಿದವು. ಎಪ್ಪತ್ತೇಳು ಮಾದರಿ, ಒಂದೊಂದರಲ್ಲೂ ಅಷ್ಟೊಂದು ಧಾತು, ಎಲ್ಲವೂ ಕೈಯಲ್ಲಿ! ಎರಡು ಬ್ಯುರೆಟ್ ಓದುವಷ್ಟರಲ್ಲಿ ಗಡಿಯಾರ ನೋಡುತ್ತಿದ್ದ ನನ್ನ ವಿದ್ಯಾರ್ಥಿಗಳಿಗೆ ನಾನು ಇವನ ಹೆಸರನ್ನು ಬೇಕೆಂದೇ ಹೇಳುತ್ತಿದ್ದೆ.

ಕಡಲಿನಲ್ಲಿ ಲೀಟರಿಗೆ ಕ್ಯಾಲ್ಸಿಯಂ ಸುಮಾರು 410 ಮಿಲಿಗ್ರಾಂ, ಮೆಗ್ನೀಸಿಯಂ ಸುಮಾರು 1,290. ಕಾರ್ಬೊನೇಟಿನ ದಾಸ್ತಾನನ್ನು ಕ್ಷಾರೀಯತೆ ಎಂದು ಕರೆಯುತ್ತೇವೆ. ಅಕ್ವೇರಿಯಂ ಮಂದಿ ಅದನ್ನು ಜರ್ಮನ್ ಡಿಗ್ರಿಯಲ್ಲಿ ಅಳೆಯುತ್ತಾರೆ. ಕಡಲಿನಲ್ಲಿ ಅದು ಸುಮಾರು 7, ಮಗಳ ತೊಟ್ಟಿಯಲ್ಲಿ 8.4. ಇನ್ನು ಲೆಕ್ಕ ಕೇಳಿ. ಹವಳ ಕಲ್ಲು ಕಟ್ಟುವಾಗ ಕ್ಷಾರೀಯತೆ 2.8 ಡಿಗ್ರಿ ಇಳಿದರೆ ಕ್ಯಾಲ್ಸಿಯಂ 20 ಮಿಲಿಗ್ರಾಂ ಇಳಿಯುತ್ತದೆ. ಈ ಜೋಡಿ ತಪ್ಪುವುದಿಲ್ಲ. ಮಗಳ ತೊಟ್ಟಿಯಲ್ಲಿ ದಿನಕ್ಕೆ ಅರ್ಧ ಡಿಗ್ರಿ ಖರ್ಚು. ಅದೇ ಲೆಕ್ಕದಲ್ಲಿ ಕ್ಯಾಲ್ಸಿಯಂ ಲೀಟರಿಗೆ ಮೂರೂವರೆ ಮಿಲಿಗ್ರಾಂ ಚಿಲ್ಲರೆ. ಮುನ್ನೂರು ಲೀಟರಿಗೆ ಗುಣಿಸಿದರೆ ದಿನಕ್ಕೆ ಸುಮಾರು 2.7 ಗ್ರಾಂ ಸುಣ್ಣದ ಕಲ್ಲು ಹವಳಕ್ಕೆ ಸೇರುತ್ತದೆ. ವರ್ಷಕ್ಕೆ ಹತ್ತಿರ ಹತ್ತಿರ ಒಂದು ಕಿಲೋ! ಸದ್ದಿಲ್ಲ, ಸುಳಿವಿಲ್ಲ, ದೀಪದ ಕೆಳಗೆ ಕೂತು ಒಂದು ಕಿಲೋ ಕಲ್ಲು ಕಟ್ಟುತ್ತವೆ.

ಖರ್ಚು ಎರಡರದೂ ಜೊತೆಯಲ್ಲೇ ಆದರೂ ಮೊದಲು ಬರಿದಾಗುವುದು ಕ್ಷಾರೀಯತೆ. ಮನೆಯಲ್ಲಿ ಅಕ್ಕಿ ಮೂಟೆಗಟ್ಟಲೆ ಇದ್ದು ಬೇಳೆ ಡಬ್ಬಿಯಲ್ಲಿ ನಾಲ್ಕು ಹಿಡಿ ಉಳಿದಿದ್ದರೆ ಹೇಗೋ ಹಾಗೆ. ನಾಲ್ಕು ದಿನ ಏನೂ ಹಾಕದಿದ್ದರೆ ಕ್ಯಾಲ್ಸಿಯಂ 420ರಿಂದ 406ಕ್ಕೆ ಬರುತ್ತದೆ, ಸಿರಿಂಜಿನಿಂದ ಹನಿ ಎಣಿಸಿ ಅಳೆಯುವ ಕಿಟ್ಟಿನಲ್ಲೂ ಗೊತ್ತಾಗಲಿಕ್ಕಿಲ್ಲ. ಕ್ಷಾರೀಯತೆಯಲ್ಲಿ ಮಾತ್ರ ಕಾಲು ಭಾಗ ಖಾಲಿ. ಅದಕ್ಕೇ ಕ್ಯಾಲ್ಸಿಯಂ ವಾರಕ್ಕೊಮ್ಮೆ, ಕ್ಷಾರೀಯತೆ ದಿನಾ ಅಳೆಯುವುದು.

ಈ ಖರ್ಚನ್ನು ತುಂಬುವ ಉಪಾಯವನ್ನು ಮಗಳು ನನಗೆ ತುಂಬ ಗಂಭೀರವಾಗಿ ವಿವರಿಸಿದಳು. ಕಾಲ್ಕ್‌ವಾಸರ್ ಅಂತ ಒಂದಿದೆಯಪ್ಪಾ, ಯುರೋಪಿನಲ್ಲಿ 1970ರ ದಶಕದಲ್ಲಿ ಪೀಟರ್ ವಿಲ್ಕೆನ್ಸ್ ಎಂಬವರು ಬಳಕೆಗೆ ತಂದದ್ದು ಎಂದಳು. ಬಕೆಟ್ಟಿನ ಮುಚ್ಚಳ ತೆಗೆದು ನೋಡಿದರೆ ಸುಣ್ಣದ ತಿಳಿ! ಜರ್ಮನಿನಲ್ಲಿ ಆ ಹೆಸರಿನ ಅರ್ಥವೂ ಸುಣ್ಣದ ನೀರು ಎಂದೇ. ಏಳನೆಯ ತರಗತಿಯಲ್ಲಿ ಕೊಳವೆಯಿಂದ ಉಸಿರು ಊದಿ ಹಾಲಿನ ಹಾಗೆ ಬೆಳ್ಳಗಾಗುವುದನ್ನು ನೋಡಿದ್ದೆವಲ್ಲ, ಅದೇ ನೀರು. ತೊಟ್ಟಿಯಿಂದ ದಿನಕ್ಕೆ ಮೂರು ಲೀಟರಿನಷ್ಟು ಆವಿಯಾಗುತ್ತದೆ. ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತದೆ. ಆದ್ದರಿಂದ ಆವಿಯಾದದ್ದಕ್ಕೆ ಸಿಹಿನೀರನ್ನೇ ಸುರಿಯಬೇಕು, ಉಪ್ಪುನೀರು ಸುರಿದರೆ ತೊಟ್ಟಿ ತಿಂಗಳಲ್ಲಿ ಸಾಣಿಕಟ್ಟೆಯಾಗುತ್ತದೆ. ಆ ಮೂರು ಲೀಟರಿನಲ್ಲಿ ಸುಮಾರು ಒಂದೂಕಾಲು ಲೀಟರ್ ಸುಣ್ಣದ ತಿಳಿ ಸೇರಿಸಿದರೆ ಹವಳದ ಅರ್ಧ ಡಿಗ್ರಿ ಖರ್ಚು ತುಂಬಿತು. ಕ್ಯಾಲ್ಸಿಯಂ ಮತ್ತು ಕ್ಷಾರೀಯತೆ ಹವಳ ತೆಗೆದುಕೊಂಡ ಪ್ರಮಾಣದಲ್ಲೇ ವಾಪಸು ಬರುತ್ತವೆ. ಒಂದೇ ಎಚ್ಚರ ಬೇಕು. ಸುಣ್ಣದ ತಿಳಿಯ ಪಿಎಚ್ ಹನ್ನೆರಡು ದಾಟಿರುತ್ತದೆ, ತಂಬಿಗೆಯಲ್ಲಿ ಸುರಿಯುವಂಥದ್ದಲ್ಲ. ರಾತ್ರಿಯಿಡೀ ಹನಿ ಹನಿಯಾಗಿ ಬೀಳಬೇಕು. ಮಗಳು ಅದಕ್ಕೊಂದು ಪುಟ್ಟ ಪಂಪು ಇಟ್ಟಿದ್ದಳು.

ಊರಿಂದ ಬರುವಾಗ ಚಿಪ್ಪಿನ ಸುಣ್ಣ ಒಂದು ಕಿಲೋ ತರಬಹುದಿತ್ತಲ್ಲ ಅಂದೆ. ಅವಳು ನಕ್ಕಳು. ಅಡುಗೆಮನೆಯ ಅರಿಶಿನ ತೆರೆದು ತೋರಿಸಿಯೇ ವಿಮಾನ ನಿಲ್ದಾಣದಿಂದ ಹೊರಗೆ ಬಂದವನು ನಾನು, ಹೆಸರಿಲ್ಲದ ಬಿಳಿ ಪುಡಿಯ ಪೊಟ್ಟಣ ಹಿಡಿದು ಬಂದಿದ್ದರೆ ಏನಾಗುತ್ತಿತ್ತೋ.

ಇನ್ನು ಮೆಗ್ನೀಸಿಯಂ. ಕ್ಯಾಲ್ಸಿಯಂ, ಕಾರ್ಬೊನೇಟ್ ಎರಡೂ ಕಡಲ ನೀರಿನಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚೇ ಇವೆ. ನ್ಯಾಯವಾಗಿ ಅವು ಕೂಡಲೇ ಸುಣ್ಣವಾಗಿ ತಳಕ್ಕೆ ಇಳಿಯಬೇಕು. ಇಳಿಯುವುದಿಲ್ಲ. ಕಾರಣ ಮೆಗ್ನೀಸಿಯಂ. ಹಬ್ಬದ ಸಮಯದಲ್ಲಿ ಬಸ್ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರಿದ್ದಾರಲ್ಲ, ಹಾಗೆ. ಸುಣ್ಣದ ಹರಳು ಹುಟ್ಟುತ್ತಿದ್ದ ಹಾಗೇ ಮೆಗ್ನೀಸಿಯಂ ಅದರ ಮೈಮೇಲೆ ಟವೆಲ್ ಹಾಕಿ ಕೂರುತ್ತದೆ, ಕ್ಯಾಲ್ಸಿಯಂ ನಿಂತೇ ಇರಬೇಕು. ಮೆಗ್ನೀಸಿಯಂ ಕಡಿಮೆಯಾದ ತೊಟ್ಟಿಯಲ್ಲಿ ನೀವು ಎಷ್ಟು ಸುಣ್ಣ ಹಾಕಿದರೂ ಅದು ಹೀಟರಿನ ಮೇಲೆ, ಪಂಪಿನ ಒಳಗೆ ಗಟ್ಟಿ ಕಟ್ಟುತ್ತದೆಯೇ ಹೊರತು ಹವಳಕ್ಕೆ ದಕ್ಕುವುದಿಲ್ಲ.

ಈಗ ನನ್ನ ಮಹಾಪರಾಧದ ಕಥೆಗೆ ಬರುತ್ತೇನೆ. ಮಗಳು ಅಳಿಯ ಮೊಮ್ಮಗಳು ನಾಲ್ಕು ದಿನ ಸಿಡ್ನಿಗೆ ಹೋದರು. ಮೀನಿಗೆ ದಿನಕ್ಕೊಂದು ಚಿಟಿಕೆ ಆಹಾರ ಹಾಕಪ್ಪಾ, ಬೇರೆ ಏನೂ ಮಾಡಬೇಡ ಎಂದು ಹೇಳಿಯೇ ಹೋಗಿದ್ದಳು. ನಾಲ್ಕನೆಯ ದಿನ ಸುಮ್ಮನೆ ಕೂರಲಾರದೆ ಕಿಟ್ ತೆಗೆದು ಅಳೆದೆ. 6.4! ಬಗ್ಗಿ ನೋಡಿದರೆ ಪಂಪಿನ ಕೊಳವೆಯ ತುದಿಯಲ್ಲಿ ಅಕ್ಕಿಕಾಳಿನಷ್ಟು ಸುಣ್ಣ ಕಟ್ಟಿಕೊಂಡು ಹನಿ ನಿಂತೇ ಹೋಗಿತ್ತು. ದಿನಕ್ಕೆ ಅರ್ಧ ಡಿಗ್ರಿ, ನಾಲ್ಕು ದಿನಕ್ಕೆ ಎರಡು ಡಿಗ್ರಿ. ಲೆಕ್ಕ ಎಷ್ಟು ಚೊಕ್ಕವಾಗಿ ಕೂತಿತೆಂದರೆ ನನಗೆ ಬೇಸರಕ್ಕಿಂತ ಸಂತೋಷವೇ ಹೆಚ್ಚಾಯಿತು ಅನ್ನಬೇಕು.

ನೂರು ಲೀಟರ್ ನೀರಿನ ಕ್ಷಾರೀಯತೆಯನ್ನು ಒಂದು ಡಿಗ್ರಿ ಏರಿಸಲು ಮೂರು ಗ್ರಾಂ ಅಡಿಗೆ ಸೋಡಾ ಸಾಕು. ಒಂಬತ್ತಕ್ಕೆ ಒಯ್ದುಬಿಡೋಣ ಎಂದುಕೊಂಡೆ. 2.6 ಡಿಗ್ರಿ, ಮುನ್ನೂರು ಲೀಟರ್, 23.4 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಚೊಂಬು ನೀರಿನಲ್ಲಿ ಕರಗಿಸಿ, ಪಂಪಿನ ಹತ್ತಿರ ಹತ್ತು ನಿಮಿಷದಲ್ಲಿ ಸುರಿದೆ. ಮಾರನೆಯ ಬೆಳಿಗ್ಗೆ ಅಳೆದರೆ 8.9. ನೋಟ್‌ಪುಸ್ತಕದಲ್ಲಿ ಬರೆದು ಕೆಳಗೆ ಎರಡು ಗೆರೆಯನ್ನೂ ಎಳೆದೆ, ಹಳೆಯ ಅಭ್ಯಾಸ.

ಮೂರನೆಯ ದಿನ ಜಿಂಕೆಕೊಂಬಿನ ಹವಳದ ತುದಿಗಳು ಬೆಳ್ಳಗಾದವು. ಹತ್ತಿರ ಹೋಗಿ ನೋಡಿದೆ. ಬೆಳೆಯುವ ತುದಿಯ ನಸುನೇರಳೆ ಚರ್ಮ ಸುಲಿದು, ಸೀಮೆಸುಣ್ಣದ ಕಡ್ಡಿಯ ಹಾಗೆ ಒಳಗಿನ ಕಲ್ಲು ಬತ್ತಲಾಗಿ ನಿಂತಿತ್ತು. ಹದಿನೇಳು ತುದಿಗಳನ್ನು ಎಣಿಸಿದೆ.

ಮಗಳು ನೋಟ್‌ಪುಸ್ತಕ ತೆರೆದು ನೋಡಿ, "ಲೆಕ್ಕ ಎಲ್ಲ ಸರಿ ಇದೆ ಅಪ್ಪಾ. ನಾಲ್ಕು ದಿನದಲ್ಲಿ ಇಳಿದದ್ದನ್ನು ಹತ್ತು ನಿಮಿಷದಲ್ಲಿ ಹತ್ತಿಸಿದೆಯಲ್ಲ" ಅಂದಳು. ಬೈದಿದ್ದರೆ ವಾಸಿಯಿತ್ತು. 6.4 ಎಂಬುದು ಪ್ರಳಯವೇನೂ ಆಗಿರಲಿಲ್ಲ, ನಿಜವಾದ ಕಡಲಿನ ಅಂಕಿಗೆ ಅದು ಹತ್ತಿರವೇ ಇತ್ತು. ಕೊಳವೆಯ ಸುಣ್ಣ ಕೆರೆದು, ದಿನಕ್ಕೆ ಅರ್ಧ ಡಿಗ್ರಿಯಂತೆ ಮೇಲೆ ತಂದಿದ್ದರೆ ಸಾಕಿತ್ತು. ನನಗೆ ಟೈಟ್ರೇಶನ್ ಗೊತ್ತಿತ್ತು. ಟೈಟ್ರೇಶನ್ನಿಗೆ ಅಂತ್ಯಬಿಂದು ಎಂಬುದೊಂದಿದೆ, ಅದು ಮುಟ್ಟಿದರೆ ಕೈ ತೊಳೆದು ಮನೆಗೆ ಹೋಗಬಹುದು. ನದಿಗೆ ಹಾಗೆ ಎಲ್ಲಿ ಉಂಟು? ಅದು ಇವತ್ತೂ ಅಷ್ಟೇ ತರುತ್ತದೆ, ನಾಳೆಯೂ ಅಷ್ಟೇ ತರುತ್ತದೆ. ಒಂದು ವಾರ ಬಿಡುವು ತೆಗೆದುಕೊಂಡು ಎಂಟನೆಯ ದಿನ ಒಟ್ಟಿಗೆ ತಂದರೆ ಅದಕ್ಕೆ ನಾವು ನೆರೆ ಎಂದು ಹೆಸರಿಟ್ಟಿದ್ದೇವೆ.

ಆ ತುದಿಗಳು ಸುಡಲು ಇನ್ನೊಂದು ಕಾರಣವೂ ಇತ್ತೆಂದು ಮಗಳು ಹೇಳಿದಳು. ನೀರು ಅತಿ ಚೊಕ್ಕಟವಾಗಿತ್ತು. ಮೀನಿನ ಆಹಾರ, ಹಿಕ್ಕೆ ಕೊಳೆತು ಅಮೋನಿಯಾ ಆಗುತ್ತದೆ, ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡಿ ನೈಟ್ರೇಟ್ ಮಾಡುತ್ತವೆ. ಜೊತೆಗೆ ಫಾಸ್ಫೇಟ್ ಸೇರುತ್ತದೆ. ಇವು ಹೆಚ್ಚಾದರೆ ಪಾಚಿ. ಹೆಚ್ಚಾಗದಿರಲೆಂದು ತೊಟ್ಟಿಯ ಕೆಳಗೆ ನೊರೆ ತೆಗೆಯುವ ಯಂತ್ರವಿದೆ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆ ಬರುವ ಮಡ್ಡಿ ನೊರೆಯನ್ನು ಜಾಲರಿ ಸೌಟಿನಲ್ಲಿ ಎತ್ತಿ ಚೆಲ್ಲುವ ಹಾಗೆ ಅದು ಕೊಳೆಯನ್ನು ಎತ್ತಿ ಬಟ್ಟಲಿಗೆ ಹಾಕುತ್ತದೆ. ವಾಸನೆ ಮಾತ್ರ ಆಲೆಮನೆಯದಲ್ಲ. ಆದರೆ ಎಲ್ಲವನ್ನೂ ಎತ್ತಿ ನೀರನ್ನು ಸೊನ್ನೆಗೆ ತಂದರೆ ಹವಳದ ಮೈಯೊಳಗೆ ಬಾಡಿಗೆಗಿರುವ ಸೂಕ್ಷ್ಮ ಪಾಚಿಗೆ ಊಟವಿಲ್ಲ, ಅದು ಸೊರಗಿದರೆ ಹವಳವೂ ಸೊರಗುತ್ತದೆ. ಲೀಟರಿಗೆ ಐದು ಮಿಲಿಗ್ರಾಂ ನೈಟ್ರೇಟ್ ಇರಲಿ ಎನ್ನುವುದು ಮಗಳ ಪದ್ಧತಿ. ನಮ್ಮಲ್ಲಿ ಮಡಿ ಅತಿಯಾದ ಮನೆಯಲ್ಲಿ ಮಕ್ಕಳು ಉಣ್ಣುವುದಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು.

ಪಿಎಚ್ ಬಗ್ಗೆ ಒಂದು ಪ್ರಸಂಗ ಹೇಳುತ್ತೇನೆ. ಶ್ರಾವಣದಲ್ಲಿ ಮಗಳ ಮನೆಯಲ್ಲಿ ಸತ್ಯನಾರಾಯಣ ಪೂಜೆ. ನಮಗೆ ಶ್ರಾವಣ, ಮೆಲ್ಬರ್ನಿಗೆ ಗಡಗಡ ಚಳಿಗಾಲ. ಕಿಟಕಿ ಬಾಗಿಲು ಭದ್ರ, ಹೀಟರ್ ಜೋರು, ಒಳಗೆ ಮೂವತ್ತು ಜನ. ಹೊಗೆಯ ಅಲಾರಂ ಕೂಗುತ್ತದೆಂದು ಊದುಬತ್ತಿ ಕೂಡ ಎರಡೇ ಹಚ್ಚಿದ್ದರು. ಮೂರನೆಯ ಅಧ್ಯಾಯ ಮುಗಿಯುವ ಹೊತ್ತಿಗೆ ತೊಟ್ಟಿಯ ಮೀಟರಿನಲ್ಲಿ 8.1 ಇದ್ದದ್ದು 7.8 ಆಗಿತ್ತು. ಯಾರೋ ತೊಟ್ಟಿಗೆ ತೀರ್ಥ ಹಾಕಿದರೋ ಎಂದು ನನಗೆ ಗಾಬರಿ. ಏನೂ ಇಲ್ಲ, ಮೂವತ್ತು ಜನರ ಉಸಿರು. ಕೋಣೆಯ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿತು, ನೀರು ಅದನ್ನು ಹೀರಿ ಹುಳಿಯ ಕಡೆಗೆ ವಾಲಿತು. ಅಲ್ಲಿ ಪಿಎಚ್ ಏರಿಸುವ ಔಷಧದ ಬಾಟಲಿಯೂ ಇತ್ತು. ಈ ಸಲ ನಾನು ಅದನ್ನು ಮುಟ್ಟಲಿಲ್ಲ. ಕಿಟಕಿಯನ್ನು ನಾಲ್ಕು ಬೆರಳು ತೆರೆದು, ಅದರ ಪಕ್ಕ ಕುಳಿತಿದ್ದ ಹಿರಿಯರೊಬ್ಬರಿಗೆ ನನ್ನ ಶಾಲು ಕೊಟ್ಟೆ. ಮಾರನೆಯ ಮಧ್ಯಾಹ್ನಕ್ಕೆ ಮತ್ತೆ 8.1. ರಾತ್ರಿ ಬಿದ್ದ ಸುಣ್ಣದ ತಿಳಿ ಆ ಉಸಿರಿನ ಒಂದಂಶವನ್ನು ಹಿಡಿದಿಟ್ಟಿತ್ತು. ಹಾಗೆ ನೋಡಿದರೆ ಪೂಜೆಗೆ ಬಂದವರೆಲ್ಲರ ಉಸಿರಿನಲ್ಲಿ ಒಂದಿಷ್ಟು ಈಗ ಆ ಹವಳದ ಕಲ್ಲಿನೊಳಗೆ ಸೇರಿರಬೇಕು.

ಸುಟ್ಟ ಹದಿನೇಳು ತುದಿಗಳಲ್ಲಿ ಹನ್ನೆರಡು ನಾನು ಹೊರಡುವಷ್ಟರಲ್ಲಿ ಮತ್ತೆ ಚರ್ಮ ಹೊದ್ದುಕೊಂಡವು. ಉಳಿದ ಐದನ್ನು ಮಗಳು ಕತ್ತರಿಸಿ ತೆಗೆದಳು.

ಈಗ ನಾನು ಊರಿನಲ್ಲಿದ್ದೇನೆ. ಇಲ್ಲಿ ಸಂಜೆ ನಾಲ್ಕರ ಚಹಾದ ಹೊತ್ತಿಗೆ ಅಲ್ಲಿ ರಾತ್ರಿ ಎಂಟೂವರೆ. ಮೊಮ್ಮಗಳು ಅಳೆದು ಫೋನಿಗೆ ಬರೀ ಒಂದು ಸಂಖ್ಯೆ ಕಳಿಸುತ್ತಾಳೆ. ನಾನು ಅದನ್ನು ಗೋಡೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ ತಿಥಿಯ ಕೆಳಗೆ ಬರೆದಿಡುತ್ತೇನೆ. ಮೊನ್ನೆ 8.3 ಬಂತು, ನಿನ್ನೆ 8.4. ಇವತ್ತು ಬಂದದ್ದು 9.2. ಕೂಡಲೇ ಹಿಂದೆಯೇ ಇನ್ನೊಂದು ಸಂದೇಶ: "ಅಜ್ಜಾ, ಜಾಸ್ತಿ ಆಗಿದೆ, ಪಂಪ್ ನಿಲ್ಲಿಸಲಾ?"

"ಏನೂ ಮುಟ್ಟಬೇಡ" ಅಂದೆ. "ಸಿರಿಂಜ್ ತೊಳೆದು, ಗಾಳಿಗುಳ್ಳೆ ಇಲ್ಲದ ಹಾಗೆ ತುಂಬಿಸಿ ಇನ್ನೊಮ್ಮೆ ಅಳೆ."

ಚಹಾ ಆರುತ್ತಿತ್ತು. ಹತ್ತು ನಿಮಿಷ ಬಿಟ್ಟು ಉತ್ತರ ಬಂತು. 8.4.